ಪಕ್ಕೆಯೊಳಗಿನ ಹಕ್ಕಿ

ದೀಪಾವಳಿ ರಜೆಗೆ ಬಂದ ತಂಗಿಯ ಮಗಳು ಬ್ಯಾಗು ಕೆಳಗಿಡುವ ಮೊದಲೇ ಟ್ಯಾಬ್ ತೆಗೆದು ನನ್ನ ಮುಖಕ್ಕೆ ಹಿಡಿದಳು. “ಮಾವ, ಇದರಲ್ಲಿ ಏನು ತಪ್ಪಿದೆ ಹೇಳು.”

ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಸಿನಿಮಾಕ್ಕೆ, ವಿಡಿಯೊ ಗೇಮಿಗೆ ಲೋಕದಲ್ಲಿಲ್ಲದ ಪ್ರಾಣಿಗಳನ್ನು ಹುಟ್ಟಿಸಿಕೊಡುವುದೂ ಈಗ ಒಂದು ಕಸುಬು. ಈ ಸೆಮಿಸ್ಟರಿನ ಕೆಲಸ ಹೀಗಿತ್ತು: ಅರ್ಧ ಮನುಷ್ಯ, ಅರ್ಧ ಪ್ರಾಣಿ, ರೆಕ್ಕೆ ಇರಲೇಬೇಕು, ಎಲ್ಲಿಂದಲೂ ಕದ್ದದ್ದಾಗಿರಬಾರದು. ಒಂದು ಪಾತ್ರ ಬರೆದರೆ ಸಾಲದು, ಇಡೀ ಜಾತಿಯೇ ಬೇಕು. ಗಂಡು, ಹೆಣ್ಣು, ಕೂಸು, ಮುದುಕಿ, ಅವರ ಊಟ, ಅವರ ಮನೆ, ಎಲ್ಲ.

ತೆರೆಯ ಮೇಲೆ ಒಬ್ಬ ಹುಡುಗ ನಿಂತಿದ್ದ. ಚಿರತೆಯ ಕಿವಿ, ಚಿರತೆಯ ಬಾಲ, ಬೆನ್ನಿನಿಂದ ಎದ್ದ ಎರಡು ಬಿಳಿ ರೆಕ್ಕೆ. ನೋಡಲು ಚೆನ್ನಾಗಿಯೇ ಇದ್ದ. ಆದರೆ ಕಾಲೇಜಿನಲ್ಲಿ ಅವಳ ಮೇಷ್ಟ್ರು ‘ಇದು ವೇಷ, ಜೀವಿ ಅಲ್ಲ’ ಎಂದು ಬರೆದು ವಾಪಸು ಕಳಿಸಿದ್ದರಂತೆ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿದ ಮನುಷ್ಯನ ಮುಂದೆ ಇಂಥ ಚಿತ್ರ ಹಿಡಿಯಬಾರದು. ಒಳಗಿಂದ ಕಾಫಿ ಬರುವಷ್ಟರಲ್ಲಿ ನನ್ನ ಪಾಠ ಶುರುವಾಗಿತ್ತು.

“ಇವನ ಕೈಕಾಲು ಎಣಿಸು” ಅಂದೆ. ಎರಡು ಕಾಲು, ಎರಡು ಕೈ, ಎರಡು ರೆಕ್ಕೆ, ಒಟ್ಟು ಆರು. ಜಿರಳೆಗೆ ಆರು ಕಾಲು, ಸರಿ. ಚಿರತೆಗೂ ಮನುಷ್ಯನಿಗೂ ನಾಲ್ಕೇ. ನಾಲ್ಕು ನಾಲ್ಕನ್ನು ಬೆರೆಸಿದರೆ ಆರು ಎಲ್ಲಿಂದ ಬಂತು? ಬೆನ್ನುಮೂಳೆಯ ಪ್ರಾಣಿಗಳಲ್ಲಿ ರೆಕ್ಕೆ ಬೀಸಿ ಹಾರುವ ವಿದ್ಯೆ ಹುಟ್ಟಿರುವುದು ಮೂರೇ ಸಲ. ಮೂರು ಸಲವೂ ಕೈಯೇ ರೆಕ್ಕೆಯಾಗಿದೆ. ಡೈನೊಸಾರುಗಳ ಕಾಲದ ಟೆರೊಸಾರ್‌ಗಳಲ್ಲಿ ನಾಲ್ಕನೆಯ ಬೆರಳು ಮೈಗಿಂತ ಉದ್ದ ಬೆಳೆದು ತೊಗಲನ್ನು ಹಿಡಿದಿತ್ತು. ಬಾವಲಿ ಹೆಬ್ಬೆರಳೊಂದನ್ನು ಹೊರಗಿಟ್ಟು ಉಳಿದ ನಾಲ್ಕು ಬೆರಳನ್ನು ಕೊಡೆಯ ಕಡ್ಡಿ ಮಾಡಿಕೊಂಡಿತು. ಹಕ್ಕಿ ಬೆರಳುಗಳನ್ನೇ ಬೆಸೆದು ತೋಳಿನುದ್ದಕ್ಕೂ ಗರಿ ನೆಟ್ಟುಕೊಂಡಿತು. ಕೈ ಉಳಿಸಿಕೊಂಡು ರೆಕ್ಕೆ ಪಡೆದದ್ದು ಈ ಮೂರರಲ್ಲಿ ಒಂದೂ ಇಲ್ಲ.

“ದೇವರಿಗೆ ನಾಲ್ಕು ಕೈ ಇಲ್ಲವಾ?”

“ದೇವರ ಎಕ್ಸ್‌ರೇ ಯಾರೂ ತೆಗೆದಿಲ್ಲ. ನಿನ್ನ ಹುಡುಗನದ್ದು ನಾನು ತೆಗೆಯುತ್ತಿದ್ದೇನೆ.”

ಕೈಗಿಂತ ದೊಡ್ಡ ತಕರಾರು ಎದೆಯದ್ದು. ಕೋಳಿ ಹೆಚ್ಚಿದ ಕೈಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದೆಯ ನಡುವೆ ದೋಣಿಯ ಅಡಿಯಂತೆ ಮುಂದಕ್ಕೆ ಚಾಚಿದ ಒಂದು ಏಣುಮೂಳೆ, ಅದರ ಎರಡೂ ಬದಿಗೆ ದಪ್ಪ ಮಾಂಸ. ಆ ಮಾಂಸವೇ ರೆಕ್ಕೆಯನ್ನು ಕೆಳಗೆ ಎಳೆಯುವ ಎಂಜಿನ್ನು. ಅದರ ಅಡಿಯಲ್ಲಿ ಸುಲಭವಾಗಿ ಕಳಚಿ ಬರುವ ಎಳೆಯ ತುಂಡೊಂದಿರುತ್ತದಲ್ಲ, ಅದರ ಕೆಲಸ ರೆಕ್ಕೆಯನ್ನು ಮೇಲಕ್ಕೆತ್ತುವುದು. ಎದೆಯಲ್ಲಿ ಕೂತುಕೊಂಡೇ, ಹೆಗಲ ಮೂಳೆಗಳ ನಡುವಿನ ಕಿಂಡಿಯಲ್ಲಿ ಬಾವಿಯ ರಾಟೆಯ ಹಗ್ಗದಂತೆ ನುಸುಳಿದ ಸ್ನಾಯುರಜ್ಜುವಿನಿಂದ ಎತ್ತುತ್ತದೆ. ಕೋಳಿಯ ಎದೆಮಾಂಸ ಬೆಳ್ಳಗೆ, ಪಾರಿವಾಳದ್ದು ಕೆಂಪು. ಬೇಲಿ ಹಾರಿದರೆ ಕೋಳಿಯ ದಿನದ ಕೆಲಸ ಮುಗಿಯಿತು. ಪಾರಿವಾಳ ಗಂಟೆಗಟ್ಟಲೆ ಹಾರಬೇಕು. ಆ ಪಾರಿವಾಳದ ಮೈತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಎದೆಯ ಸ್ನಾಯುವೇ. ಅರವತ್ತು ಕೆ.ಜಿ. ಹುಡುಗನಿಗೆ ಹನ್ನೆರಡು ಕೆ.ಜಿ. ಎದೆಗೇ ಆಯಿತು. ಇವಳ ಹುಡುಗನ ಎದೆಯೋ, ಕ್ರಿಕೆಟಿಗನ ಎದೆಯಷ್ಟೂ ಇರಲಿಲ್ಲ.

ಈ ಲೆಕ್ಕವನ್ನು ನನಗಿಂತ ಬಹಳ ಮೊದಲೇ ಹಾಕಿದವರು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಪ್ರಾಣಿಗಳ ಗಾತ್ರದ ಬಗ್ಗೆ 1926ರಲ್ಲಿ ಬರೆದ ಪ್ರಬಂಧದಲ್ಲಿ, ಚರ್ಚಿನ ಚಿತ್ರಗಳಲ್ಲಿರುವ ದೇವದೂತರು ನಿಜಕ್ಕೂ ಹಾರಬೇಕಾದರೆ ಅವರ ಎದೆ ಸುಮಾರು ನಾಲ್ಕು ಅಡಿ ಮುಂದೆ ಬಂದಿರಬೇಕು, ತೂಕ ಇಳಿಸಲು ಕಾಲು ಕಡ್ಡಿಯಾಗಬೇಕು ಎಂದು ತಮಾಷೆಯಾಗಿ ತೋರಿಸಿದರು. ಇದೇ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡು ಬಿಟ್ಟು ಕಲ್ಕತ್ತೆಗೆ ಬಂದು, ಭಾರತದ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಕೈ, ಕಾಲು, ರೆಕ್ಕೆ ಮೂರನ್ನೂ ಒಟ್ಟಿಗೇ ಉಟ್ಟುಕೊಂಡ ನಮ್ಮ ಗುಡಿಗಳ ಗರುಡರನ್ನು ನೋಡಿ ಅವರು ಮನಸ್ಸಿನಲ್ಲಿ ಏನು ಲೆಕ್ಕ ಹಾಕಿದರೋ ಎಂದು ನನಗೆ ಆಗಾಗ ಕುತೂಹಲವಾಗುತ್ತದೆ.

ಅವರ ಲೆಕ್ಕದ ಬುಡ ಸರಳ. ಗುಬ್ಬಿಯೊಂದನ್ನು ಅಳತೆ ಕೆಡಿಸದೆ ಎರಡು ಪಟ್ಟು ಹಿಗ್ಗಿಸಿ. ರೆಕ್ಕೆಯ ಹರವು ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಇನ್ನೂ ಹಿಗ್ಗಿಸಿದಷ್ಟೂ ರೆಕ್ಕೆ ಸಾಲ ಮಾಡುತ್ತಾ ಹೋಗುತ್ತದೆ. ಬಳ್ಳಾರಿ ಕಡೆಯ ಎರೆನೆಲದಲ್ಲಿ, ಸಿರುಗುಪ್ಪದ ಆಸುಪಾಸು, ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಅದರ ದೊಡ್ಡ ಗಂಡೂ ಹದಿನೈದು ಕೆ.ಜಿ. ದಾಟುವುದು ಕಷ್ಟ. ಮನುಷ್ಯ ತನ್ನದೇ ಸ್ನಾಯುಬಲದಿಂದ ಹಾರಿದ್ದೂ ಉಂಟು. 1979ರ ಜೂನ್ 12ರಂದು ಬ್ರಯಾನ್ ಅಲೆನ್ ಎಂಬ ಸೈಕಲ್ ಪಟು ಪೆಡಲ್ ತುಳಿಯುತ್ತ ಇಂಗ್ಲಿಷ್ ಕಾಲುವೆಯನ್ನು ದಾಟಿದ. ಅವನು ಕೂತಿದ್ದ ‘ಗಾಸಮರ್ ಆಲ್ಬಟ್ರಾಸ್’ ವಿಮಾನ ಕೇವಲ 32 ಕೆ.ಜಿ. ತೂಗುತ್ತಿತ್ತು, ರೆಕ್ಕೆಯ ಉದ್ದ ಮಾತ್ರ ಸುಮಾರು 30 ಮೀಟರ್. ನಮ್ಮ ಮನೆಯ ಅಂಗಳದಲ್ಲಿ ಅದು ತಿರುಗಲೂ ಆಗದು.

ಸಂಜೆಯ ಹೊತ್ತಿಗೆ ಹುಡುಗಿ ಸಪ್ಪಗಾದಳು. “ಹಾಗಾದರೆ ಮಾಡೋದೇ ಬೇಡವಾ?” ಅವಳ ಅಮ್ಮ ಒಳಗಿಂದ ನನ್ನತ್ತ ಒಂದು ನೋಟ ಬಿಟ್ಟಳು. ಮರುದಿನ ಬೆಳಗ್ಗೆ ಇಬ್ಬರೂ ಬಳ್ಳಿಗಾವಿಗೆ ಹೊರಟೆವು.

ಶಿರಾಳಕೊಪ್ಪದ ಪಕ್ಕದ ಈ ಊರು ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಅಲ್ಲಿನ ಗಂಡಭೇರುಂಡ ಕಂಬವನ್ನು ನೆಡಿಸಿದವನು ಚಾವುಂಡರಾಯರಸ, 1047ರಲ್ಲಿ. ಆ ಊರಿನ ಶಾಸನಗಳಲ್ಲಿ ಹೊಲ ಅಳೆಯುವುದಕ್ಕೆ ‘ಭೇರುಂಡ ಗಳೆ’ ಎಂಬ ಅಳತೆಗೋಲು ಬರುತ್ತದೆ. ಇಲ್ಲದ ಪ್ರಾಣಿಯ ಹೆಸರಿನಲ್ಲಿ ಇರುವ ಭೂಮಿಯನ್ನು ಅಳೆದ ಜನ ನಾವು! ಮೈಸೂರು ಅರಸರ ಲಾಂಛನದಿಂದ ಇಳಿದು ಇವತ್ತು ಸರ್ಕಾರಿ ಕಾಗದದ ತಲೆಯ ಮೇಲೆ ಕೂತಿರುವ ಗಂಡಭೇರುಂಡ ಪೂರ್ತಿ ಹಕ್ಕಿ. ಬಳ್ಳಿಗಾವಿಯದ್ದು ಹಾಗಲ್ಲ. ಮನುಷ್ಯನ ಮೈ, ಎರಡು ಹಕ್ಕಿತಲೆ. ಹುಡುಗಿ ಅದನ್ನು ಬಹಳ ಹೊತ್ತು ನೋಡಿ, “ಇದೂ ವೇಷವೇ ಅಲ್ಲವಾ ಮಾವ?” ಎಂದಳು.

ಅಲ್ಲ ಅನ್ನಿಸಿತು. ಯಾಕೆ ಅಲ್ಲ ಎಂದು ಹೇಳಲು ಬೇಲೂರಿನವರೆಗೆ ಹೋಗಬೇಕಾಯಿತು, ಮಾತಿನಲ್ಲಿ. ಚೆನ್ನಕೇಶವ ಗುಡಿಯಲ್ಲಿ ಒಂದು ಕೆತ್ತನೆಯಿದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ತಿನ್ನುತ್ತಿದೆ, ಶರಭನನ್ನು ಗಂಡಭೇರುಂಡ ಸೀಳುತ್ತಿದೆ. ನಾವು ಏಳನೇ ಕ್ಲಾಸಿನಲ್ಲಿ ಹೇಳಿಕೊಡುವ ಆಹಾರ ಸರಪಳಿಯೇ ಇದು. ಮೊದಲ ನಾಲ್ಕು ಕೊಂಡಿ ಕಾಡಿನವು, ಕೊನೆಯ ಎರಡು ಮನಸ್ಸಿನವು. ಆ ಶಿಲ್ಪಿ ತನ್ನ ಪ್ರಾಣಿಗೆ ಎರಡು ತಲೆ ಅಂಟಿಸಿ ಕೈತೊಳೆದುಕೊಳ್ಳಲಿಲ್ಲ. ಅದು ಏನು ತಿನ್ನುತ್ತದೆ, ತಿಂದದ್ದು ಏನನ್ನು ತಿಂದು ಬೆಳೆದಿತ್ತು ಎಂದು ಜಿಂಕೆಯವರೆಗೂ ಇಳಿದು ಯೋಚಿಸಿದ. ಹಳೇಬೀಡಿನ ಪಟ್ಟಿಕೆಗಳಲ್ಲಿ ಮಕರ ಹಂಸಗಳ ಸಾಲಿನ ಕೆಳಗೇ ಇರುವುದನ್ನು ನೋಡಿದವರಿಗೆ, ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ ಎಂದು ಗೈಡುಗಳು ಬಿಡಿಸಿ ಹೇಳುವವರೆಗೂ ಅದು ಬೆರಕೆ ಎಂದು ಹೊಳೆಯುವುದೇ ಇಲ್ಲ. ಬೇರೆ ಪ್ರಾಣಿಗಳ ನಡುವೆ ಅದು ನೆರೆಮನೆಯವರ ಹಾಗೆ ನಿಂತುಬಿಟ್ಟಿದೆ.

ಅಸ್ಸೀರಿಯದ ಶಿಲ್ಪಿಗಳದ್ದು ಇನ್ನೊಂದು ಜಾಣತನ. ಅರಮನೆಯ ಬಾಗಿಲು ಕಾಯುವ, ಗೂಳಿಯ ಮೈ, ಹದ್ದಿನ ರೆಕ್ಕೆ, ಗಡ್ಡದ ಮನುಷ್ಯಮುಖದ ಲಮಾಸು ಮೂರ್ತಿಗಳಲ್ಲಿ ಹಲವಕ್ಕೆ ಐದು ಕಾಲು. ಎದುರಿಗೆ ಬಂದರೆ ಎರಡು ಕಾಲೂರಿ ನಿಂತಿದೆ. ಬದಿಯಿಂದ ಹಾದರೆ ನಾಲ್ಕು ಕಾಲಲ್ಲಿ ನಡೆಯುತ್ತಿದೆ. ಐದನೆಯದು ಕಣ್ಣಿಗಾಗಿ ಕೊಟ್ಟ ಲಂಚ. ನಿಮ್ರುದ್, ನಿನೆವೆಗಳಲ್ಲಿ ಉಳಿದಿದ್ದವುಗಳನ್ನು 2015ರಲ್ಲಿ ಐಸಿಸ್‌ನವರು ಒಡೆದುಹಾಕಿದರು. ಗ್ರೀಕರ ಸೈರನ್‌ಗಳೂ ಮೊದಲಿಗೆ ಹಕ್ಕಿಮೈಯ ಹೆಂಗಸರೇ. ಮೀನಿನ ಬಾಲ ಬಂದದ್ದು ನಂತರ, ಕಾರ್ಖಾನೆಯ ಗೋಡೆ ಹತ್ತಿ ಕೂಗಲು ಶುರುಮಾಡಿದ್ದು ಇನ್ನೂ ನಂತರ.

ನಮ್ಮವರು ಇಂಥ ಜೀವಿಗಳಿಗೆ ಇಟ್ಟ ಹೆಸರೇ ಒಂದು ಪ್ರಶ್ನೆ. ಕಿಂ ನರ? ಇದೇನು, ನರನೇ? ಅದೇ ಕಿನ್ನರ. ಕೆಲವೆಡೆ ಅವನಿಗೆ ಕುದುರೆಯ ಮುಖ. ಬೌದ್ಧರ ಕಲೆಯಲ್ಲಿ ಸೊಂಟದಿಂದ ಕೆಳಗೆ ಹಕ್ಕಿ. ಕಾರು ಓಡಿಸುತ್ತ ಇದನ್ನೆಲ್ಲ ಹೇಳಿದೆ. ಹುಡುಗಿ ಕೇಳಿಸಿಕೊಂಡಳೋ ಇಲ್ಲವೋ, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡಿದ್ದಳು.

ಉತ್ತರ ಸಿಕ್ಕಿದ್ದು ಮನೆಯ ಹಿಂದಿನ ಅಡಿಕೆ ತೋಟದಲ್ಲಿ.

ಕೊನೆಕೊಯ್ಲು ನಡೆದಿತ್ತು. ಹನ್ನೊಂದರ ಬಿಸಿಲಿಗೆ ಕಾಲುವೆಯ ಪಕ್ಕದ ಮರದಲ್ಲಿ, ನನ್ನ ತಲೆಗಿಂತ ತುಸು ಮೇಲೆ, ತೊಗಟೆಯ ಒಂದು ಚೂರು ಗಂಟಲ ಕೆಳಗಿನ ಹಳದಿ ತೊಗಲನ್ನು ಪಟಪಟ ಹೊರಗೆ ಹಾಕಿ ಒಳಗೆಳೆಯಿತು. ಹಾರುವ ಓತಿ, ಗಂಡು. ಹುಡುಗಿಯ ಭುಜ ತಟ್ಟಿ ತೋರಿಸುವಷ್ಟರಲ್ಲಿ ಅದು ಮರ ಬಿಟ್ಟಿತು. ಮೈಯ ಎರಡೂ ಬದಿಯಲ್ಲಿ ಬೀಸಣಿಗೆ ಬಿಚ್ಚಿತು, ಮೂರು ಸಾಲು ದಾಟಿ ತೇಲಿತು, ಇಳಿಯುವ ಮುನ್ನ ತುಸು ಮೂಗೆತ್ತಿ ಇನ್ನೊಂದು ಮರಕ್ಕೆ ಅಂಟಿ ಮತ್ತೆ ತೊಗಟೆಯಾಯಿತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದಾಗ ನಾವೆಲ್ಲ ಕತ್ತೆತ್ತಿಕೊಂಡು ತೋಟ ಸುತ್ತಿದವರೇ. ಕಾದಂಬರಿಯಲ್ಲಿ ಹಾರುವ ಓತಿ ಕಂಡೂ ಕಾಣದ ಅಪರೂಪ. ಅಡಿಕೆ ತೋಟದ ನಿಜದ ಓತಿ ಅಷ್ಟೇನೂ ಬಿಗುಮಾನದ್ದಲ್ಲ. ಪುಸ್ತಕ ಓದಿದ ಎಷ್ಟೋ ಜನ ಅದರ ರೆಕ್ಕೆ ಯಾವುದರಿಂದ ಆಗಿದೆ ಎಂದು ಮಾತ್ರ ಕೇಳಿದ್ದಿಲ್ಲ. ಕೈಯಿಂದಲ್ಲ. ಪಕ್ಕೆಲುಬಿನಿಂದ. ಐದಾರು ಜೊತೆ ಪಕ್ಕೆಲುಬುಗಳು ಎದೆಗೂಡನ್ನು ಮುಚ್ಚುವ ಬದಲು ಹೊರಕ್ಕೆ ಉದ್ದ ಬೆಳೆದಿವೆ, ಅವುಗಳ ಮೇಲೆ ತೊಗಲು ಹೊದೆದಿದೆ. ಬೇಕಾದಾಗ ಬಿಚ್ಚಿತು, ಬೇಡವಾದಾಗ ಮಡಿಸಿತು. ನಾಲ್ಕು ಕಾಲೂ ನಾಲ್ಕಾಗಿಯೇ ಉಳಿದಿವೆ.

ಹುಡುಗಿ ಕಾಲುವೆಯ ದಿಣ್ಣೆಯ ಮೇಲೆಯೇ ಕೂತು ಟ್ಯಾಬ್ ತೆಗೆದಳು. ಚಿರತೆ ಹುಡುಗ ಒಂದೇ ಬೆರಳಿನಲ್ಲಿ ಅಳಿಸಿಹೋದ.

ಆಮೇಲಿನ ಮೂರು ದಿನ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಮೊದಲು ಕೈಯ ಪ್ರಶ್ನೆಯೇ ತಿರುಗಿ ಬಂತು. ಇದೇ ನಮ್ಮ ಪಶ್ಚಿಮ ಘಟ್ಟದ ಓತಿಯನ್ನು ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮರದಿಂದ ಚಿಮ್ಮಿದ ತಕ್ಷಣ ಓತಿ ಮುಂಗೈಯನ್ನು ಹಿಂದಕ್ಕೆ ತಂದು ರೆಕ್ಕೆಯ ಅಂಚನ್ನು ಹಿಡಿದುಕೊಳ್ಳುತ್ತದೆ, ಇಳಿಯುವ ಗಳಿಗೆಗೆ ಬಿಡುತ್ತದೆ ಎಂದು ತೋರಿಸಿತು. ಅಂದರೆ ಕೈ ಎರವಲು ಹೋಗುತ್ತದೆ, ವಾಪಸು ಬರುತ್ತದೆ. “ಹಾಗಾದರೆ ನನ್ನ ಜನ ಹಾರುವಾಗ ಏನೂ ಹಿಡಿದುಕೊಳ್ಳುವ ಹಾಗಿಲ್ಲ!” ಎಂದು ಅವಳು ಕುಣಿದಳು. ಆಕಾಶದಲ್ಲಿ ಕತ್ತಿಯುದ್ಧ ಇಲ್ಲ. ಗೇಮ್ ಮಾಡುವವರಿಗೆ ಇದು ನಷ್ಟ, ಜೀವಿಗೆ ಲಾಭ. ಕೂಸನ್ನು ಬೆನ್ನಿಗೆ ಕಟ್ಟಬೇಕು, ಕುಡುಗೋಲನ್ನು ಸೊಂಟಕ್ಕೆ, ಗುಟ್ಟೇನಾದರೂ ಇದ್ದರೆ ಬಾಯಲ್ಲಿ.

ಬಾಯಲ್ಲಿ? ಪಕ್ಕೆಲುಬು ಹಿಗ್ಗಿಸಿ ನಿಂತವನಿಗೆ ಉಸಿರು ಹೇಗೆ? ಮನುಷ್ಯನಿಗೆ ವಪೆಯಿದೆ, ಹೊಟ್ಟೆಯಿಂದಲೂ ಉಸಿರಾಡಬಲ್ಲ. ಓತಿಗೆ ಆ ಸೌಕರ್ಯವಿಲ್ಲ. ಅರ್ಧ ಅರ್ಧ ಬೆರೆತವರಿಗೆ ಹಾರುವಷ್ಟು ಹೊತ್ತು ಗುಟುಕು ಉಸಿರು ಸಿಕ್ಕೀತು, ಕೂಗಲು ಸಾಲದು. ಹೀಗಾಗಿ ಗಾಳಿಯಲ್ಲಿ ಅವರು ಮೂಕರು. ಮಾತು, ಜಗಳ, ಹಾಡು ಎಲ್ಲ ಮರ ಹಿಡಿದ ಮೇಲೆ. ನನಗೆ ಇಡೀ ಕೆಲಸದಲ್ಲಿ ತುಂಬ ಹಿಡಿಸಿದ್ದು ಇದೇ. ಇದನ್ನು ನಾವು ಸೇರಿಸಲಿಲ್ಲ. ಪಕ್ಕೆಲುಬು ಆರಿಸಿಕೊಂಡ ತಪ್ಪಿಗೆ ಅದಾಗಿಯೇ ಬಂತು.

ಎತ್ತರದ ಬಗ್ಗೆ ಚೌಕಾಶಿ ನಡೆಯಿತು. ರೆಕ್ಕೆಯುಡುಪು ತೊಟ್ಟು ಬೆಟ್ಟದಿಂದ ಹಾರುವ ಸಾಹಸಿಗರು ಸಾಕಷ್ಟು ದೂರ ತೇಲುತ್ತಾರೆ, ಆದರೆ ಕೊನೆಗೆ ಸಾಮಾನ್ಯವಾಗಿ ಪ್ಯಾರಾಚೂಟೇ ಗತಿ. ಪೂರ್ತಿ ಗಾತ್ರದ ಮನುಷ್ಯ ಅಷ್ಟು ವೇಗದಲ್ಲಿ ಅಡಿಕೆ ಮರಕ್ಕೆ ಬಡಿದರೆ ಮರವೂ ಇಲ್ಲ, ಅವನೂ ಇಲ್ಲ. ಹಾಲ್ಡೇನ್ ಲೆಕ್ಕವನ್ನು ತಿರುಗಿಸಿದೆವು. ಕುಗ್ಗಿಸಿದರೆ ತೂಕ ರೆಕ್ಕೆಗಿಂತ ಬೇಗ ಇಳಿಯುತ್ತದೆ. ಎರಡೂವರೆ ಅಡಿಗೆ ಒಪ್ಪಂದವಾಯಿತು.

ಮೊಟ್ಟೆಯೋ, ಬಸಿರೋ? ಕೆಲವು ಬಾವಲಿಗಳಲ್ಲಿ ಮರಿ ಹುಟ್ಟುವಾಗಲೇ ತಾಯಿಯ ತೂಕದ ಕಾಲು ಭಾಗವಿರುತ್ತದೆ. ಅಷ್ಟು ಹೊತ್ತು ಹಾರಲು ಬೀಸುವ ರೆಕ್ಕೆ ಬೇಕು. ತೇಲುವವರಿಗೆ ಅದು ದುಬಾರಿ. ಹೆಣ್ಣು ಓತಿ ಮೊಟ್ಟೆಯಿಡಲು ನೆಲಕ್ಕೆ ಇಳಿಯುತ್ತದೆ, ತಲೆಯಿಂದಲೇ ಮಣ್ಣು ತೋಡಿ ಮೊಟ್ಟೆ ಮುಚ್ಚಿ ಮರಕ್ಕೆ ಮರಳುತ್ತದೆ. ಇಲ್ಲಿ ಅವಳ ಅಮ್ಮ ಬಾಯಿ ಹಾಕಿದಳು: “ವಿನತೆಯ ಕಥೆ ಗೊತ್ತಿಲ್ಲವಾ ನಿಮಗೆ?” ಐನೂರು ವರ್ಷ ಕಾದು ತಾಳ್ಮೆಗೆಟ್ಟು ಮೊಟ್ಟೆ ಒಡೆದಳು, ತೊಡೆಯಿಲ್ಲದ ಅರುಣ ಹುಟ್ಟಿದ, ಎರಡನೆಯದಕ್ಕೆ ಮತ್ತೆ ಐನೂರು ವರ್ಷ ಕಾದಮೇಲೆ ಗರುಡ. ಮಹಾಭಾರತದ ಆ ಕಥೆಗಾರನಿಗೆ ರೆಕ್ಕೆಯ ಮಗುವಿಗೆ ಸಮಯ ಹಿಡಿಯುತ್ತದೆ ಎಂಬುದು ಗೊತ್ತಿತ್ತು. ಅದೇ ಗರುಡ ಆನೆ, ಆಮೆ ಎರಡನ್ನೂ ಹಿಡಿದು ಹಾರುವಾಗ ಕೂರಲು ಜಾಗ ಸಿಗದೆ ಪರದಾಡುತ್ತಾನೆ. ಕೂತ ಕೊಂಬೆ ಮುರಿಯುತ್ತದೆ, ಅದರಲ್ಲಿ ವಾಲಖಿಲ್ಯ ಋಷಿಗಳು ತಲೆಕೆಳಗಾಗಿ ತೂಗುತ್ತಿರುತ್ತಾರೆ. ದೊಡ್ಡ ಹಕ್ಕಿ ಎಲ್ಲಿ ಕೂರಬೇಕು ಎಂಬ ಪ್ರಶ್ನೆಯನ್ನು ಇವತ್ತಿನ ಎಷ್ಟು ಸಿನಿಮಾಗಳು ಕೇಳಿಕೊಂಡಿವೆ? ಗ್ರಾಫಿಕ್ಸಿಗೆ ಕೋಟಿ ಸುರಿಯುವವರು ಕೊಂಬೆಯ ಬಗ್ಗೆ ಹತ್ತು ನಿಮಿಷ ಯೋಚಿಸುವುದಿಲ್ಲ.

ಅಮೆರಿಕದ ಲೇಖಕಿ ಅರ್ಸುಲ ಲೆ ಗುಯಿನ್ 2003ರ ‘ಚೇಂಜಿಂಗ್ ಪ್ಲೇನ್ಸ್’ ಸಂಕಲನದಲ್ಲಿ ಗರಿ ಇರುವ ಜನರ ಒಂದು ನಾಡನ್ನು ಕಟ್ಟಿದ್ದಾರೆ. ಅಲ್ಲಿ ಕೆಲವೇ ಕೆಲವರಿಗೆ ಹರೆಯದಲ್ಲಿ ರೆಕ್ಕೆ ಮೂಡುತ್ತದೆ, ಜ್ವರ ನೋವಿನೊಂದಿಗೆ. ಹಾರುವಾಗ ಯಾವ ಗಳಿಗೆಯಲ್ಲಾದರೂ ಅದು ಕೈಕೊಡಬಹುದು. ಆದ್ದರಿಂದ ರೆಕ್ಕೆ ಬಂದವರನ್ನು ಊರು ಹೊಟ್ಟೆಕಿಚ್ಚಿನಿಂದಲ್ಲ, ಕನಿಕರದಿಂದ ನೋಡುತ್ತದೆ. ಕಥೆಯನ್ನು ಹೇಳಿದ ಮೇಲೆ ಹುಡುಗಿ ತನ್ನ ಜನರ ಸಮಾಜ ಕಟ್ಟಲು ಕೂತಳು. ತೇಲುವವರಿಗೆ ಪ್ರತಿ ಪ್ರಯಾಣವೂ ಇಳಿಜಾರೇ. ಹೋದಷ್ಟನ್ನೂ ಮತ್ತೆ ಹತ್ತಿ ತೀರಿಸಬೇಕು. ಹಾಗಾಗಿ ಎತ್ತರವೇ ಆಸ್ತಿ. ಮರದ ತುದಿ ಯಾರದ್ದು, ನಡು ಯಾರದ್ದು ಎಂಬುದಕ್ಕೆ ಅವರಲ್ಲೂ ಪಹಣಿ, ಅವರಲ್ಲೂ ಕೋರ್ಟು. ನೆಲಕ್ಕೆ ಹತ್ತಿರವಿರುವವರು ಬಡವರು, ಆದರೆ ಹುಟ್ಟಲು ಎಲ್ಲರೂ ಅವರಲ್ಲಿಗೇ ಬರಬೇಕು, ಮೊಟ್ಟೆ ಕಾಯುವವರು ಅವರೇ. ಊಟ ಚಗಳಿ ಇರುವೆ. ನಾವು ಚಟ್ನಿ ಅರೆಯುತ್ತೇವೆ, ಅವರು ಹಸಿಯದ್ದೇ ಮೆಲ್ಲುತ್ತಾರೆ.

ಹೆಸರಿಗೆ ಬಂದಾಗ ಅವಳ ಪಟ್ಟಿಯಲ್ಲಿದ್ದವೆಲ್ಲ ಇಂಗ್ಲಿಷ್ ಗೇಮುಗಳ ಹೆಸರಿನ ಹಾಗೆ ಕೇಳುತ್ತಿದ್ದವು, ನಡುವೆ ಎಕ್ಸೋ ಜೆಡ್ಡೋ ಇದ್ದೇ ಇತ್ತು. ನಾನು ಹೈಸ್ಕೂಲಿನ ತದ್ಭವಗಳ ಪಟ್ಟಿ ನೆನಪಿಸಿದೆ. ಪಕ್ಷಿ ನಮ್ಮಲ್ಲಿ ಪಕ್ಕಿಯಾಗಿ ಹಕ್ಕಿಯಾಯಿತು. ಪಕ್ಷ ಎಂದರೆ ರೆಕ್ಕೆ; ಬದಿ ಎಂಬ ಅರ್ಥವೂ ಅದಕ್ಕಿದೆ, ಅದರಿಂದಲೇ ನಮ್ಮ ಪಕ್ಕ, ಪಕ್ಕೆ, ಪಕ್ಕೆಲುಬು. ಹಕ್ಕಿಯೂ ಪಕ್ಕೆಲುಬೂ ಒಂದೇ ಮನೆಯವು. ಓತಿ ಮೈಯಲ್ಲಿ ಮಾಡಿದ್ದನ್ನು ಭಾಷೆ ಬಾಯಲ್ಲಿ ಮಾಡಿ ಕೂತಿದೆ. (ಅದೇ ಮನೆಯಲ್ಲಿ ಪಕ್ಷಾಂತರವೂ ಇದೆ. ಅಲ್ಲಿ ಜಿಗಿತ ಮಾತ್ರ ಯಾವಾಗಲೂ ಮೇಲ್ಮುಖ.) ‘ಪಕ್ಕೆಯರು’ ಎಂದು ಬರೆದು ಹುಡುಗಿ ಎರಡು ಸಲ ಓದಿಕೊಂಡಳು.

ಹೊರಡುವ ಹಿಂದಿನ ದಿನ ನಮ್ಮ ಕೊನೆಗಾರನಿಗೆ ಚಿತ್ರ ತೋರಿಸಿದಳು. ಅವನು ಇಪ್ಪತ್ತೈದು ವರ್ಷದಿಂದ ಈ ತೋಟ ಹತ್ತುತ್ತಿದ್ದಾನೆ. ಒಂದು ಮರದ ಕೊನೆ ಇಳಿಸಿದ ಮೇಲೆ ಕೆಳಗಿಳಿಯುವುದಿಲ್ಲ. ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟುತ್ತಾನೆ, ನಲವತ್ತು ಐವತ್ತು ಅಡಿ ಎತ್ತರದಲ್ಲಿ. ಬಾಯಿಯ ಕವಳವನ್ನು ಒಂದು ಬದಿಗೆ ತಳ್ಳಿ ಚಿತ್ರವನ್ನು ಹತ್ತಿರ, ದೂರ ಹಿಡಿದು ನೋಡಿದ.

“ಮೇಷ್ಟ್ರೆ, ಇವರು ಕೊನೆ ಕೊಯ್ಯೋಕೆ ಬರ್ತಾರಾ? ಜನ ಸಿಗದೆ ಸಾಯ್ತಾ ಇದೀವಿ.” ನಕ್ಕ. ಆಮೇಲೆ ನಗಲಿಲ್ಲ. “ತಂಗೀ, ಮಳೆಗಾಲಕ್ಕೆ ಇವರು ಏನು ಮಾಡ್ತಾರೆ? ಜೂನು ಬಂತಂದ್ರೆ ಮರ ಪಾಚಿ ಕಟ್ಟಿ ಜಾರ್ತದೆ. ಬೋರ್ಡೋ ಮದ್ದು ಹೊಡೆಯೋಕೆ ಹತ್ತೋವಾಗ ನಮಗೇ ಕಾಲು ನಡುಗ್ತದೆ. ಇವರು ಹಾರೋದು ಆಮೇಲಿನ ಮಾತು, ಹತ್ತೋದು ಹ್ಯಾಂಗೆ?”

ಹುಡುಗಿ ನನ್ನ ಮುಖ ನೋಡಿದಳು. ನಾನು ಅಡಿಕೆ ಹಾಳೆ ಎಣಿಸುವವನಂತೆ ಬಗ್ಗಿದೆ. ನಾಲ್ಕು ತಿಂಗಳ ಮಳೆ ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ.

ಅವನು ಕವಳ ಉಗಿದು, ಪಾದಗಳಿಗೆ ತಳೆ ಸಿಕ್ಕಿಸಿಕೊಂಡು ಮರ ತಬ್ಬಿದ. ಎರಡು ಪಾದ ಒಟ್ಟಿಗೆ ಮೇಲಕ್ಕೆ, ಒತ್ತು, ಕೈ ಮೇಲಕ್ಕೆ, ಮತ್ತೆ ಪಾದ. ಹುಡುಗಿ ಟ್ಯಾಬಿನಲ್ಲಿ ಹೊಸ ಹಾಳೆ ತೆರೆದು, ರೆಕ್ಕೆಯ ಗೊಡವೆ ಬಿಟ್ಟು, ಅವನ ಹಿಮ್ಮಡಿಯನ್ನು ಬರೆಯತೊಡಗಿದಳು.